ಹೆರೋನ್ ಎಂದು ಕರೆದದ್ದು

ನನ್ನ ಗಂಡನ ಹೆಸರನ್ನು ನಾನು ಇವತ್ತಿನವರೆಗೆ ಬಾಯಿಬಿಟ್ಟು ಹೇಳಿದವಳಲ್ಲ. ಅವರು ಇದ್ದಾಗ ಹೇಳಲಿಲ್ಲ. ಹೋದ ಮೇಲೆ ಹೇಳೋಣವೆಂದರೆ ನಾಲಿಗೆ ಏಳುವುದಿಲ್ಲ. ನಮ್ಮ ಕಾಲದ ಹೆಂಗಸರೆಲ್ಲ ಹೆಚ್ಚುಕಡಿಮೆ ಹೀಗೆಯೇ. ಸುಳ್ಯದ ಕಡೆಯ ನಮ್ಮ ಮನೆಯಲ್ಲಿ ಅಮ್ಮ ಅಪ್ಪನನ್ನು ಕರೆಯಬೇಕಾದಾಗ ಬಾಗಿಲ ಚಿಲಕ ಅಲ್ಲಾಡಿಸಿ ಸದ್ದು ಮಾಡುತ್ತಿದ್ದಳು. ನಾನೇನೂ ಅಮ್ಮನಷ್ಟು ಮೆತ್ತಗಿನವಳಲ್ಲ. ಮಂಗಳೂರಿಗೆ ಹೋಗಿ ಹೆರಿಗೆ ಮಾಡಿಸುವ ಕೆಲಸ ಕಲಿತು ಬಂದವಳು, ಗಂಡಸರ ಎದುರು ಕುರ್ಚಿ ಎಳೆದು ಕೂರುವವಳು, ಬಸ್ಸಿನ ಏಜೆಂಟನೊಂದಿಗೆ ಜಗಳವಾಡಿ ಮುಂದಿನ ಸೀಟು ಹಿಡಿಯುವವಳು. ಆದರೂ ಪುತ್ತೂರಿನ ಅಂಚೆ ಕಚೇರಿಯಲ್ಲಿ ಗುಮಾಸ್ತ "ಗಂಡನ ಹೆಸರು?" ಎಂದು ಕೇಳಿದಾಗ ಪಕ್ಕದಲ್ಲಿ ನಿಂತಿದ್ದ ನಮ್ಮವರ ಶಾಲೆಯ ಜವಾನನ ಮುಖ ನೋಡಿದ್ದೆ. ಅವನೇ ಹೇಳಿದ.

ಆ ಅಭ್ಯಾಸ ಈ ಬರಹಕ್ಕೂ ಅಂಟಿಕೊಂಡಿದೆ. ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ, ಒಂದನ್ನು ಬಿಟ್ಟು. ಆ ಒಂದು ಹೆಸರು ನಾನೇ ಇಟ್ಟದ್ದು. ಇಟ್ಟ ದಿನದಿಂದ ಅದು ನನ್ನನ್ನು ಚುಚ್ಚುತ್ತಲೇ ಇದೆ.

'ಹೆರೋನ್' ಎಂಬ ಹೆಸರು ಮೊದಲು ನನ್ನ ಕಿವಿಗೆ ಬಿದ್ದದ್ದು ಮಂಗಳೂರಿನ ಆಸ್ಪತ್ರೆಯಲ್ಲಿ. ನಮಗೆ ಕೆಲಸ ಕಲಿಸುತ್ತಿದ್ದ ಕನ್ಯಾಸ್ತ್ರೀಯರಲ್ಲಿ ವಯಸ್ಸಾದವರೊಬ್ಬರು ಬೆಳಗಿನ ಪಾಳಿ ಶುರುವಾಗುವ ಮೊದಲು ಅಂದಿನ ಸಂತ ಯಾರೆಂದು ಓದಿ ಹೇಳುತ್ತಿದ್ದರು. ಹಿಂದೂ ಹುಡುಗಿಯರಾದ ನಾವು ಗೋಡೆಗೆ ಒರಗಿ ತೂಕಡಿಸುತ್ತಾ ಕೇಳುತ್ತಿದ್ದೆವು. ಒಂದು ದಿನ ಸಂತ ಹೆರೋನನ ಸರದಿ ಬಂತು. ಅದು ಬಹಳ ಹಳೆಯ ಗ್ರೀಕ್ ಹೆಸರೆಂದೂ, ಆ ಹೆಸರಿನ ಸಂತರು ಒಬ್ಬರಲ್ಲ ಹಲವರೆಂದೂ, ಅವರಲ್ಲಿ ಒಬ್ಬನನ್ನು ಬೆಂಕಿಗೆ ಹಾಕಿ ಕೊಂದರೆಂದೂ ಅವರು ಹೇಳಿದರು. ಹಲವರಿಗೆ ಒಂದೇ ಹೆಸರಿದ್ದರೆ ನಮ್ಮ ಪ್ರಾರ್ಥನೆ ಯಾರಿಗೆ ಮುಟ್ಟುತ್ತದೆ ಎಂದು ನಾನು ಕೇಳಿದೆ. ಅಧಿಕಪ್ರಸಂಗಿ ಎಂದು ಬೈಸಿಕೊಂಡೆ. ಬೈಸಿಕೊಂಡದ್ದರಿಂದ ಹೆಸರು ನೆನಪಿನಲ್ಲಿ ಉಳಿಯಿತು.

ಅವರೇ ನಮಗೆ ಇನ್ನೊಂದು ಪಾಠವನ್ನೂ ಹೇಳಿಕೊಟ್ಟಿದ್ದರು. ಕ್ರೈಸ್ತರ ಮನೆಯಲ್ಲಿ ಹುಟ್ಟಿದ ಮಗು ಉಳಿಯುವ ಹಾಗೆ ಕಾಣದಿದ್ದರೆ, ಪಾದ್ರಿಯನ್ನು ಕರೆತರಲು ಸಮಯವಿಲ್ಲದಿದ್ದರೆ, ಪಕ್ಕದಲ್ಲಿದ್ದವರು ಯಾರು ಬೇಕಾದರೂ ಅದಕ್ಕೆ ಜ್ಞಾನಸ್ನಾನ ಕೊಡಬಹುದು. ಕೊಡುವವರು ಕ್ರೈಸ್ತರೇ ಆಗಿರಬೇಕೆಂದಿಲ್ಲ. ಮಗುವನ್ನು ಹೆಸರು ಹಿಡಿದು ಕರೆದು, ತಲೆಗೆ ನೀರು ಹೊಯ್ಯುತ್ತಾ, ಪಿತನ ಸುತನ ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎಂದರೆ ಆಯಿತು. ಕೊಡದೆ ಮಗು ತೀರಿಕೊಂಡರೆ ಅದಕ್ಕೆ ಇಗರ್ಜಿಯ ಮಣ್ಣು ಸಿಗುವುದಿಲ್ಲ, ತಾಯಿ ಬದುಕಿರುವ ತನಕ ಕೊರಗುತ್ತಾಳೆ. ಇದನ್ನು ಅವರು ನಮ್ಮಿಂದ ಬಾಯಿಪಾಠ ಮಾಡಿಸಿದ್ದರು. ನನಗೆ ಇದು ಎಂದಾದರೂ ಬೇಕಾದೀತು ಎಂದು ಅನ್ನಿಸಿರಲಿಲ್ಲ.

ಮುಂದೆ ನನಗೆ ಕಡಬದ ಸರಕಾರಿ ಹೆರಿಗೆ ಕೇಂದ್ರದಲ್ಲಿ ಕೆಲಸವಾಯಿತು. ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿದ ಹೊಸತು. ಗಂಡ ಪುತ್ತೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ಟ್ರು. ಶನಿವಾರದ ಬಸ್ಸಿಗೆ ಅವರು ಕಡಬಕ್ಕೆ ಬರುವುದು, ಇಲ್ಲವೇ ನಾನು ಪುತ್ತೂರಿಗೆ ಹೋಗುವುದು, ಇಷ್ಟೇ ನಮ್ಮ ಸಂಸಾರ. ಒಂದು ಸಲ ಅವರು ಶಾಲೆಯ ವಸ್ತುಪ್ರದರ್ಶನಕ್ಕೆಂದು ಕಾರಂಜಿ ಮಾಡಲು ಹೊರಟರು. ಅದಕ್ಕೆ ಪಂಪೂ ಇಲ್ಲ, ಕರೆಂಟೂ ಇಲ್ಲ. ಒಂದರ ಕೆಳಗೆ ಒಂದರಂತೆ ಮೂರು ಪಾತ್ರೆ, ನಡುವೆ ಕೊಳವೆಗಳು. ಮೇಲಿನ ಪಾತ್ರೆಗೆ ನೀರು ಹೊಯ್ದರೆ ಅದು ತಾನಾಗಿ ಮೇಲಕ್ಕೆ ಚಿಮ್ಮುತ್ತದೆ. ಅದಕ್ಕೆ ಬೇಕಾದ ರಬ್ಬರ್ ನಳಿಗೆಯನ್ನು ನನ್ನ ಹೆರಿಗೆ ಚೀಲದ ಎನಿಮಾ ಡಬ್ಬಿಯಿಂದಲೇ ಕಿತ್ತುಕೊಂಡರು.

"ಇದು ಹೆರೋನ್ ಮಾಡಿದ ಕಾರಂಜಿ, ಗೊತ್ತುಂಟಾ?" ಎಂದರು.

"ಹೆರೋನ್ ಅಂದ್ರೆ ಸಂತ ಅಲ್ವಾ?" ಎಂದೆ.

"ಸಂತ ಎಂತದ್ದು ಮಾರಾಯ್ತಿ? ಇಂಜಿನಿಯರ್. ಎರಡು ಸಾವಿರ ವರ್ಷ ಹಿಂದೆ ಈಜಿಪ್ಟಿನಲ್ಲಿ ಇದ್ದವ. ದೇವಸ್ಥಾನದ ಬಾಗಿಲು ತನ್ನಷ್ಟಕ್ಕೆ ತೆರೆಯುವ ಹಾಗೆ ಮಾಡಿದವ. ಪಾವಲಿ ಹಾಕಿದ್ರೆ ತೀರ್ಥ ಬೀಳುವ ಪೆಟ್ಟಿಗೆ ಮಾಡಿದವ."

"ನಮಗೆ ಸಿಸ್ಟರ್ ಹೇಳಿದ್ದು ಸಂತ ಅಂತ. ಸುಟ್ಟು ಕೊಂದದ್ದಂತೆ."

"ಹಾಗಾದ್ರೆ ನಿಮ್ಮ ಸಿಸ್ಟರಿಗೆ ಹೇಳು, ಗದ್ದೆಯಲ್ಲಿ ಏಡಿ ಹೆಕ್ಕುದು ಸಹ ಸಂತನೇ ಅಂತ. ಇಂಗ್ಲಿಷಿನಲ್ಲಿ ಕೊಕ್ಕರೆಗೆ ಹೆರನ್ ಅಂತ ಹೇಳುದು."

ಹಕ್ಕಿಯ ಇಂಗ್ಲಿಷ್ ಹೆಸರಿಗೂ ಆ ಗ್ರೀಕ್ ಹೆಸರಿಗೂ ಹುಟ್ಟು ಬೇರೆ ಬೇರೆಯಂತೆ; ಅವರೇ ಆಮೇಲೆ ಯಾವುದೋ ದಪ್ಪ ಪುಸ್ತಕ ನೋಡಿ ಹೇಳಿದರು. ಆದರೆ ಅಷ್ಟರಲ್ಲಿ ಅದು ನಮ್ಮಿಬ್ಬರ ತಮಾಷೆಯಾಗಿ ಬೇರೂರಿಬಿಟ್ಟಿತ್ತು. ದಾರಿಯ ಗದ್ದೆಯಲ್ಲಿ ಕೊಕ್ಕರೆ ಕಂಡರೆ ಸಾಕು, "ನೋಡು, ನಿನ್ನ ಸಂತ" ಎಂದು ಅವರು, "ನೋಡಿ, ನಿಮ್ಮ ಇಂಜಿನಿಯರ್" ಎಂದು ನಾನು. ಪ್ರದರ್ಶನದ ದಿನ ಕಾರಂಜಿ ಹೆಡ್‌ಮಾಸ್ಟ್ರ ಅಂಗಿಗೆ ಸರಿಯಾಗಿ ಚಿಮ್ಮಿತು. ಗಂಡನಿಗೆ ಬಹುಮಾನವೂ ಬಂತು. ನನಗೆ ಮಾತ್ರ ಎನಿಮಾ ನಳಿಗೆ ವಾಪಸು ಬರಲಿಲ್ಲ.

ಆ ವರ್ಷಗಳಲ್ಲಿ ಕಡಬದಿಂದಾಚೆ, ಕಾಡಿನ ಅಂಚಿನಲ್ಲಿ, ತಿರುವಾಂಕೂರಿನ ಕಡೆಯಿಂದ ಬಂದ ಕ್ರೈಸ್ತ ಕುಟುಂಬಗಳು ಒಂದೊಂದಾಗಿ ನೆಲೆಯೂರುತ್ತಿದ್ದವು. ಊರಲ್ಲಿದ್ದ ಚೂರುಪಾರು ಜಾಗ ಮಾರಿ ಇಲ್ಲಿ ಗುಡ್ಡ ತೆಗೆದುಕೊಂಡು, ಕಡಿದು ಸುಟ್ಟು, ಮರಗೆಣಸು ನೆಟ್ಟು ಹೊಟ್ಟೆ ಹೊರೆಯುತ್ತಿದ್ದವರು. ಆನೆ ಬರುತ್ತಿತ್ತು, ಹಂದಿ ಬರುತ್ತಿತ್ತು. ಅವೆರಡಕ್ಕಿಂತ ಹೆಚ್ಚಾಗಿ ಜ್ವರ ಬರುತ್ತಿತ್ತು. ಅಂಥ ಒಂದು ಮನೆಯ ಯಜಮಾನನನ್ನು ಎಲ್ಲರೂ ಅಪ್ಪಚ್ಚನ್ ಎಂದು ಕರೆಯುತ್ತಿದ್ದರು, ಅವರ ಭಾಷೆಯಲ್ಲಿ ಅಜ್ಜ ಎಂದು. ಅವರ ಹೆಂಡತಿ ಅಮ್ಮಚ್ಚಿ. ಹೆಣ್ಣುಮಕ್ಕಳನ್ನೆಲ್ಲ ಊರಲ್ಲೇ ಮದುವೆ ಮಾಡಿಕೊಟ್ಟು, ಇರುವ ಒಬ್ಬನೇ ಮಗನನ್ನೂ ಸೊಸೆಯನ್ನೂ ಕರೆದುಕೊಂಡು ಮುದುಕರು ಈ ಗುಡ್ಡ ಹತ್ತಿದ್ದರು.

ಒಂದು ಬೆಳಿಗ್ಗೆ ಆ ಮಗ ಏದುಸಿರು ಬಿಡುತ್ತಾ ಕೇಂದ್ರದ ಬಾಗಿಲಿಗೆ ಬಂದ. ಹೆಂಡತಿಗೆ ನೋವು ಶುರುವಾಗಿತ್ತು. ನಾನು ಚೀಲ ಎತ್ತಿಕೊಂಡು ಅವನ ಹಿಂದೆ ಗುಡ್ಡ ಹತ್ತಿದೆ. ಹುಲ್ಲಿನ ಮಾಡಿನ ಮಣ್ಣಿನ ಮನೆ. ಎದುರಿಗೆ ತಗ್ಗಿನಲ್ಲಿ ಅವರೇ ಕಡಿದು ಸಮ ಮಾಡಿದ ಒಂದು ತುಂಡು ಗದ್ದೆ. ಅಪ್ಪಚ್ಚನ್ ಹೊರಗೆ ಗೋಡೆಯ ಬದಿಗೆ ಜಪಸರ ಹಿಡಿದು ಕೂತಿದ್ದರು. ನನ್ನನ್ನು ಕಂಡು ಎದ್ದು ಕೈಮುಗಿದರು. ಮಗ ನೀರು ಕಾಯಿಸಲು ಮನೆಯ ಹಿಂದಕ್ಕೆ ಹೋದ.

ಒಳಗೆ ಅಮ್ಮಚ್ಚಿ, ಸೊಸೆ, ನಾನು. ಹೆರಿಗೆಯಾದಾಗ ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಬಿಡಿಸಿ ತೆಗೆದೆ. ಗಂಡು. ಮೈಯೆಲ್ಲ ನೀಲಿ, ಕೈಕಾಲು ಜೋತುಬಿದ್ದಿತ್ತು, ಉಸಿರಿಲ್ಲ. ಬಾಯಿ ಚೊಕ್ಕ ಮಾಡಿದೆ, ಬೆನ್ನು ತಿಕ್ಕಿದೆ, ಪಾದಕ್ಕೆ ತಟ್ಟಿದೆ. ಏನೂ ಇಲ್ಲ. ಅಷ್ಟರಲ್ಲಿ ಅಮ್ಮಚ್ಚಿ ಒಂದು ಚೊಂಬು ತಣ್ಣೀರು ತಂದು ನನ್ನ ಪಕ್ಕ ಇಟ್ಟು, ನನ್ನ ಕೈ ಹಿಡಿದು ಬೇಡಿಕೊಂಡರು. ಏನು ಕೇಳುತ್ತಿದ್ದಾರೆಂದು ನನಗೆ ತಿಳಿಯಿತು. ತನ್ನಿಂದಾಗದೆಂದು ನನ್ನನ್ನು ಕೇಳುತ್ತಿದ್ದರು.

"ಹೆಸರು ಎಂತ ಹೇಳ್ಬೇಕು? ಬೇಗ ಹೇಳಿ!" ಎಂದೆ.

ಅಮ್ಮಚ್ಚಿ ಬಾಯಿ ತೆರೆದರು, ಮುಚ್ಚಿದರು. ಬಾಗಿಲ ಕಡೆ ಕೈ ತೋರಿಸಿದರು. ನಾನು ಮತ್ತೆ ಕೇಳಿದೆ. ಸೊಸೆ ಚಾಪೆಯ ಮೇಲಿಂದಲೇ, ಅಷ್ಟು ಸೋತಿದ್ದವಳು, ಕೈ ಎತ್ತಿ ಬಾಗಿಲ ಕಡೆಗೇ ತೋರಿಸಿದಳು. "ಪೊರತ್ತ್, ಪೊರತ್ತ್" ಎಂದರು ಅಮ್ಮಚ್ಚಿ, ಹೊರಗೆ, ಹೊರಗೆ. ಮಗು ಕೈಯಲ್ಲಿ ತಣ್ಣಗಾಗುತ್ತಿದೆ, ಇವರು ಬಾಗಿಲು ತೋರಿಸುತ್ತಿದ್ದಾರೆ! ನನಗೆ ಸಿಟ್ಟು ನೆತ್ತಿಗೇರಿತು. ಬಾಗಿಲ ಕಡೆ ತಿರುಗಿದೆ. ಮೊಣಕಾಲೂರಿ ಕೂತಲ್ಲಿಂದ ನನಗೆ ಕಂಡದ್ದು ಕೆಳಗಿನ ಗದ್ದೆ, ಅದರಲ್ಲಿ ಕುತ್ತಿಗೆ ಕುಗ್ಗಿಸಿ ನಿಂತ ಒಂದು ಕೊಕ್ಕರೆ. ಗೋಡೆಯ ಬದಿಗೆ ಕೂತಿದ್ದವರು ಕಾಣಲಿಲ್ಲ.

"ಹೆರೋನ್" ಎಂದು ಕೂಗಿಬಿಟ್ಟೆ. ಸಂತನ ಹೆಸರು ಹೌದಷ್ಟೆ, ನಡೆಯುತ್ತದೆ ಎಂದುಕೊಂಡೆ. ಬಾಯಿಪಾಠವಾದ ಮಾತುಗಳನ್ನು ಹೇಳುತ್ತಾ ತಲೆಗೆ ನೀರು ಹೊಯ್ದೆ. ತಣ್ಣೀರು ಬಿದ್ದದ್ದೇ ತಡ, ಮಗು ಮೈಯನ್ನೆಲ್ಲ ಒಮ್ಮೆ ಸೆಟೆಸಿ, ಬಿಕ್ಕಿ, ಕಿರುಚಿ ಅತ್ತಿತು.

ಸಂತೋಷಕ್ಕೆ ಅಮ್ಮಚ್ಚಿ ನನ್ನ ಕಾಲಿಗೇ ಬಿದ್ದರು. ತಣ್ಣೀರಿಗೆ ಮೈ ಬೆಚ್ಚಿ ಉಸಿರು ಬಂದದ್ದು, ನಮಗೆ ಇದನ್ನೂ ಕಲಿಸಿದ್ದಾರೆ ಎಂದು ನಾನು ಅಲ್ಲೇ ಹೇಳಿದೆ. ಆಮೇಲೂ ಬಹಳ ಸಲ ಹೇಳಿದೆ. ಆ ಮನೆಯವರು ನಕ್ಕು ತಲೆಯಾಡಿಸುತ್ತಿದ್ದರೇ ಹೊರತು ಒಬ್ಬರೂ ನಂಬಲಿಲ್ಲ.

ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಾಗ ಮಗ ಕೇಳಿದ, "ಅಪ್ಪನ ಹೆಸರೇ ಇಟ್ರಿ ಅಲ್ವಾ ನರ್ಸಮ್ಮಾ?"

"ಇಲ್ಲ, ಹೆರೋನ್ ಅಂತ ಇಟ್ಟೆ. ನಿಮ್ಮ ಅಮ್ಮನ ಹತ್ತಿರ ಎಷ್ಟು ಕೇಳಿದ್ರೂ ಹೇಳ್ಲಿಲ್ಲ."

ಅವನ ಮುಖ ಒಂದು ಕ್ಷಣ ಕಂದಿತು. ಕೂಡಲೇ ಸರಿಮಾಡಿಕೊಂಡು ನಕ್ಕ. "ಅಮ್ಮ ಹೇಗೆ ಹೇಳುದು? ಅಪ್ಪನ ಹೆಸರು ಅಮ್ಮನ ಬಾಯಲ್ಲಿ ಬರುದಿಲ್ಲ. ಇವಳ ಬಾಯಲ್ಲಿಯೂ ಬರುದಿಲ್ಲ, ಮಾವನ ಹೆಸರಲ್ವಾ?"

ಆಗ ನನಗೆ ಆದದ್ದನ್ನು ಹೇಗೆ ಬರೆಯಲಿ? ಮುಖಕ್ಕೆ ಬಿಸಿನೀರು ಎರಚಿದ ಹಾಗಾಯಿತು. ಇಬ್ಬರು ಹೆಂಗಸರು ಹೊರಗೆ ಕೂತ ಮನುಷ್ಯನನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಹೆಸರು ಹೇಳಲಾಗದ್ದಕ್ಕೆ ಮನುಷ್ಯನನ್ನೇ ತೋರಿಸುತ್ತಿದ್ದರು. ಪಟ್ಟಣದಿಂದ ಬಂದ ದೊರೆಸಾನಿಗೆ ಅದು ಗೊತ್ತಾಗದಿದ್ದರೆ ಸರಿ. ಗಂಡನ ಹೆಸರು ಹೇಳಲು ಶಾಲೆಯ ಜವಾನನ ಮುಖ ನೋಡಿದ ನನಗೆ ಗೊತ್ತಾಗಲಿಲ್ಲವಲ್ಲ!

ಅವರಲ್ಲಿ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು. ಇದು ತಪ್ಪುವಂತಿಲ್ಲ. ಎರಡನೆಯ ಗಂಡಿಗೆ ತಾಯಿಯ ತಂದೆಯ ಹೆಸರು ಬರುತ್ತದಾದರೂ ಹೆಣ್ಣುಮಕ್ಕಳ ಮಕ್ಕಳು ಬೇರೆ ಮನೆಯವರು. ಇರುವುದು ಒಬ್ಬ ಮಗನಾದ್ದರಿಂದ ಅಪ್ಪಚ್ಚನ್ ಹೆಸರು ಈ ಮನೆಯಲ್ಲಿ ಮುಂದೆ ಹೋಗಬೇಕಾದರೆ ಈ ಮಗುವಿನ ಮೂಲಕವೇ ಹೋಗಬೇಕು. ಇದನ್ನೆಲ್ಲ ಮಗ ನನಗೆ ದಾರಿಯಲ್ಲಿ ವಿವರಿಸಿದ, ಬೇಸರಿಸದೆ, ನನ್ನ ಚೀಲವನ್ನೂ ಅವನೇ ಹೊತ್ತುಕೊಂಡು. ಹೊರಡುವ ಮೊದಲು ಅಪ್ಪಚ್ಚನ್ ಮಗುವನ್ನು ಎತ್ತಿಕೊಂಡು ಹೊಸ ಹೆಸರನ್ನು ಹೇಳಲು ನೋಡಿದ್ದರು. "ಏರೋನ್" ಎಂದರು. "ನಲ್ಲ ಪೇರ್" ಎಂದರು, ಒಳ್ಳೆಯ ಹೆಸರು. ನನ್ನ ಕಡೆ ಮಾತ್ರ ನೋಡಲಿಲ್ಲ.

ಶನಿವಾರ ಗಂಡನಿಗೆ ಹೇಳಿದೆ. ಕೊಕ್ಕರೆಯ ಸಂಗತಿ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೂರ್ತಿ ಕೇಳಿದ ಮೇಲೆ ನಗು ನಿಂತಿತು.

"ಬೇರೆ ಯಾರಿಗೂ ಅರ್ಥ ಆಗದಿದ್ರೆ ಅಡ್ಡಿಯಿಲ್ಲ," ಎಂದರು. "ನಿನಗೆ ಆಗ್ಬೇಕಿತ್ತು."

ನನಗೂ ಅದೇ ಅನ್ನಿಸಿತ್ತು. ಆದರೆ ಅವರು ಹೇಳಿದ್ದು ಸಹಿಸಲಾಗದೆ ಆ ರಾತ್ರಿ ಸಾರು ಬಡಿಸುವಾಗ ಸೌಟನ್ನು ಪಾತ್ರೆಗೆ ಕುಕ್ಕಿದೆ.

ಹೆಸರು ಹೋಯಿತೆಂದೇನೂ ಇರಲಿಲ್ಲ, ದಾರಿಯಿತ್ತು. ತಿಂಗಳಿಗೊಮ್ಮೆ ಒಬ್ಬ ಪಾದ್ರಿ ಆ ಗುಡ್ಡಕ್ಕೆ ಬಂದು ಮಡಲು ಹೊದೆಸಿದ ಚಪ್ಪರದಲ್ಲಿ ಪೂಜೆ ಮಾಡುತ್ತಿದ್ದರು. ಅವರು ಬಂದ ದಿನ ನನ್ನನ್ನೂ ಕರೆಸಿದರು. ನಾನು ಏನು ಹೇಳಿದೆ, ನೀರು ಎಲ್ಲಿ ಹೊಯ್ದೆ ಎಂದು ಕೇಳಿದರು. ಜ್ಞಾನಸ್ನಾನ ಸರಿಯಾಗಿದೆ, ಅದನ್ನು ಮತ್ತೆ ಕೊಡುವ ಹಾಗಿಲ್ಲ, ಎಣ್ಣೆ ಹಚ್ಚುವುದು ಮುಂತಾದ ಕ್ರಮಗಳಷ್ಟೇ ಬಾಕಿ ಎಂದರು. ಆಮೇಲೆ ಅಪ್ಪಚ್ಚನ್ ಕಡೆ ತಿರುಗಿ, ಹೆಸರೇನೂ ನೀರಿಗೆ ಕಟ್ಟಿಹಾಕಿದ್ದಲ್ಲ, ನಿಮ್ಮ ಹೆಸರನ್ನು ಜೊತೆಗೆ ಸೇರಿಸಲು ಯಾವ ಅಡ್ಡಿಯೂ ಇಲ್ಲ ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಚಪ್ಪರದಲ್ಲಿದ್ದವರೆಲ್ಲ ಮುದುಕರ ಮುಖ ನೋಡಿದರು.

"ಬೇಡ," ಎಂದರು ಅಪ್ಪಚ್ಚನ್. "ಆ ಹೆಸರು ಕರೆದಾಗ ಓಗೊಟ್ಟು ಬಂದ ಮಗು. ಅದೊಂದೇ ಇರ್ಲಿ. ನನ್ನದು ಬೇಡ."

ಮಗ ತಂದೆಯ ಕೈ ಹಿಡಿದುಕೊಂಡು ಚಿಕ್ಕ ಹುಡುಗನ ಹಾಗೆ ಅತ್ತ. ಅಂದಿನ ಪ್ರವಚನದಲ್ಲಿ ಪಾದ್ರಿಗಳು, ಮಗುವಿನ ಮೇಲಿನ ಪ್ರೀತಿಗೆ ತನ್ನ ಹೆಸರನ್ನೇ ಬಿಟ್ಟುಕೊಟ್ಟ ಅಜ್ಜನನ್ನು ಹೊಗಳಿದರು. ಕ್ರೈಸ್ತಳಲ್ಲದಿದ್ದರೂ ಸಮಯಕ್ಕೆ ನೀರು ಹೊಯ್ದ ನನ್ನನ್ನೂ ಹೊಗಳಿದರು. ಜನ ತಿರುಗಿ ತಿರುಗಿ ನನ್ನನ್ನು ನೋಡುತ್ತಿದ್ದರೆ ನನಗೆ ಚಪ್ಪರ ಬಿಟ್ಟು ಓಡಿಹೋಗೋಣವೆನಿಸಿತು. ಅಲ್ಲಿ ಯಾರಾದರೂ ಒಬ್ಬರು, ನಿನ್ನಿಂದಾಗಿ ಹೀಗಾಯಿತು ಎಂದು ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಬೈಯುವವರೇ ಇರಲಿಲ್ಲ.

ಅಲ್ಲಿಂದಾಚೆ ಆ ಕಡೆ ಯಾವ ಕೆಲಸಕ್ಕೆ ಹೋದರೂ ಆ ಮನೆಗೆ ಹೋಗದೆ ಬರುತ್ತಿರಲಿಲ್ಲ. ಅಪ್ಪಚ್ಚನ್‌ಗೆ ಕಡಬದ ಪೇಟೆಯಿಂದ ಒಳ್ಳೆಯ ಹೊಗೆಸೊಪ್ಪು ಒಯ್ಯುತ್ತಿದ್ದೆ. ಅವರು ಹಾಲಿಲ್ಲದ ಕಾಫಿ, ಬೇಯಿಸಿದ ಮರಗೆಣಸು, ಗಾಂಧಾರಿ ಮೆಣಸಿನ ಚಟ್ನಿ ಇಡು ಎಂದು ಸೊಸೆಗೆ ಹೇಳುತ್ತಿದ್ದರು. ತಿಂದಾದ ಮೇಲೆ ನಾನು ಪ್ರತಿ ಸಲವೂ ಅದನ್ನೇ ತೆಗೆಯುತ್ತಿದ್ದೆ. "ಅಪ್ಪಚ್ಚಾ, ನಿಮ್ಮ ಹೆಸರು ನಾನು ಕಸಿದ ಹಾಗಾಯ್ತು."

"ಸಾರಮಿಲ್ಲ ಮೋಳೇ," ಎನ್ನುತ್ತಿದ್ದರು. ಪರವಾಗಿಲ್ಲ ಮಗಳೇ. ಹಾಗೆ ಹೇಳಿದವರು ಆಮೇಲೆ ಗುಡ್ಡದ ಕಡೆ ಮುಖ ತಿರುಗಿಸಿಬಿಡುತ್ತಿದ್ದರು. ಬಾಯಲ್ಲಿ ಪರವಾಗಿಲ್ಲ, ಮನಸ್ಸಿನಲ್ಲಿ ಮಾತ್ರ ಆ ನೋವು ಹಾಗೆಯೇ ಇದೆ ಎಂದು ನಾನು ಅಂದುಕೊಳ್ಳುತ್ತಿದ್ದೆ. ಆದ್ದರಿಂದ ಮುಂದಿನ ಸಲ ಇನ್ನಷ್ಟು ಕ್ಷಮೆ ಕೇಳುತ್ತಿದ್ದೆ.

ಆ ಮನೆಯಲ್ಲಿ ಅದಕ್ಕೂ ಮೊದಲು ಒಂದು ಕೂಸು ಜ್ವರದಲ್ಲಿ ಹೋಗಿತ್ತು. ಗುಡ್ಡಕ್ಕೆ ಬಂದ ಮೊದಲ ವರ್ಷದಲ್ಲೇ. ಸೊಸೆ ಒಮ್ಮೆ ಹೇಳಿದ್ದಳು, "ಒರು ಕುಞ್ಞ್ ಪೋಯಿ", ಒಂದು ಮಗು ಹೋಯಿತು ಎಂದಷ್ಟೆ. ಎಷ್ಟು ತಿಂಗಳದ್ದು, ಎಂಥ ಜ್ವರ ಎಂದು ನನ್ನ ಕೆಲಸಕ್ಕೆ ಬೇಕಾದ್ದನ್ನು ಕೇಳಿಕೊಂಡೆ. ಗಂಡೋ ಹೆಣ್ಣೋ ಎಂದು ಕೇಳಲಿಲ್ಲ. ಹೆಣ್ಣೆಂದು ನಾನಾಗಿಯೇ ಅಂದುಕೊಂಡಿದ್ದೆ.

ಸೊಸೆ ಮತ್ತೆ ಬಸುರಿಯಾದಾಗ ಆ ಮನೆಯವರಿಗಿಂತ ಹೆಚ್ಚು ಆಸೆ ನನಗಿತ್ತು. ಈ ಸಲ ಗಂಡಾದರೆ ಸೊಸೆಯ ತಂದೆಯ ಹೆಸರಿನ ಸರದಿಯಾದರೂ ಅಪ್ಪನ ಹೆಸರೇ ಇಡುವುದೆಂದು ಮಗ ಹೇಳಿದ್ದ. ದೇವರಲ್ಲಿ ಅಷ್ಟೇನೂ ಬೇಡದ ನಾನು ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತೆ. ಹೆಣ್ಣು ಹುಟ್ಟಿತು. ಸೊಸೆಗೆ ರಕ್ತ ನಿಲ್ಲಲಿಲ್ಲ. ಜೀಪು ಹುಡುಕಿ ಪುತ್ತೂರಿಗೆ ಸಾಗಿಸುವಾಗ ದಾರಿಯುದ್ದಕ್ಕೂ ನಾನು ಅವಳ ಹೊಟ್ಟೆ ಒತ್ತಿ ಹಿಡಿದುಕೊಂಡೇ ಕೂತಿದ್ದೆ. ಬದುಕಿದಳು. ಆದರೆ ಇನ್ನು ಮಕ್ಕಳಾಗುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು. ಅದನ್ನು ಮನೆಗೆ ಹೋಗಿ ಮುದುಕರಿಗೆ ತಿಳಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಹೇಳುತ್ತಾ ಹೇಳುತ್ತಾ ನಾನೇ ಅತ್ತುಬಿಟ್ಟೆ.

"ಈಗಲೂ ಆಗ್ತದೆ ಅಪ್ಪಚ್ಚಾ. ಪಾದ್ರಿಗಳ ಹತ್ತಿರ ನಾನೇ ಮಾತಾಡ್ತೇನೆ. ದೊಡ್ಡವನ ಹೆಸರಿನ ಜೊತೆ ನಿಮ್ಮದು ಸೇರಿಸುವ."

"ಬೇಡ ಅಂತ ಹೇಳಿದ್ದೇನಲ್ಲ!" ಎಂದರು. ಅವರ ಗಂಟಲು ಅಷ್ಟು ಗಡುಸಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇದು ನನ್ನ ಮೇಲಿನ ಸಿಟ್ಟು, ಕೊನೆಗೂ ಹೊರಗೆ ಬಂತು ಎಂದುಕೊಂಡು ತಲೆ ತಗ್ಗಿಸಿ ಗುಡ್ಡ ಇಳಿದೆ.

ವರ್ಷಗಳು ಕಳೆದವು. ಮಣ್ಣಿನ ಮನೆಗೆ ಹೆಂಚು ಬಂತು, ಸುಟ್ಟ ಗುಡ್ಡದಲ್ಲಿ ರಬ್ಬರ್ ಗಿಡ ಎದ್ದವು. ಹುಡುಗ ಶಾಲೆಗೆ ಹೋಗತೊಡಗಿದ. ಮಕ್ಕಳು ಅವನನ್ನು ಏರಣ್ಣ ಎಂದು ಕರೆಯುತ್ತಿದ್ದರು, ಅವನೂ ಅದಕ್ಕೇ ಓಗೊಡುತ್ತಿದ್ದ. ಅಷ್ಟರಲ್ಲಿ ನನಗೆ ಪುತ್ತೂರಿಗೆ ವರ್ಗವಾಯಿತು. ಗಂಡ ಹೆಂಡತಿ ಒಂದೇ ಊರಲ್ಲಿ ಇರುವ ಯೋಗ ಕೊನೆಗೂ ಬಂತೆಂದು ಅವರಿಗೆ ಸಂತೋಷವೋ ಸಂತೋಷ. ನಾನು ಹೇಳಿಬರಲೆಂದು ಆ ಮನೆಗೆ ಹೋದೆ.

ಅಪ್ಪಚ್ಚನ್ ಬಹಳ ಇಳಿದುಹೋಗಿದ್ದರು. ಜಗಲಿಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಅಮ್ಮಚ್ಚಿ ತೀರಿಕೊಂಡು ಒಂದು ವರ್ಷ ಆಗಿತ್ತು. ಮಗ ಮನೆಯಲ್ಲಿ ಇರಲಿಲ್ಲ. ತಿರುವಾಂಕೂರಿನಿಂದ ಜಾಗ ನೋಡಲು ಬಂದ ಯಾರನ್ನೋ ಕರೆದುಕೊಂಡು ಗುಡ್ಡ ತೋರಿಸಲು ಹೋಗಿದ್ದ. ಸೊಸೆ ಕಾಫಿ ಮಾಡಲು ಒಳಗೆ ಹೋದಳು. ಇನ್ನು ಇವರನ್ನು ನೋಡುತ್ತೇನೋ ಇಲ್ಲವೋ ಅನ್ನಿಸಿ ನಾನು ಮಂಚದ ಪಕ್ಕ ಕೂತು ಅವರ ಕಾಲು ಮುಟ್ಟಿದೆ.

"ಅಪ್ಪಚ್ಚಾ, ಒಂದು ಸಲ ಬಾಯಿಬಿಟ್ಟು ಬೈದುಬಿಡಿ. ನಿಮ್ಮ ಹೆಸರು ತೆಗೆದದ್ದು ನಾನು."

ಅವರು ಕಾಲು ಎಳೆದುಕೊಂಡರು. "ನಿಲ್ಲಿಸು ಮೋಳೇ. ಇಷ್ಟು ವರ್ಷ ಬಂದು ಬಂದು ಇದೊಂದನ್ನೇ ಹೇಳಿ ನನ್ನನ್ನು ಸುಡ್ತಾ ಇದ್ದೀಯಲ್ಲ. ನನಗೆ ಇನ್ನು ಆಗುದಿಲ್ಲ."

ನಾನು ಗಾಬರಿಯಾಗಿ ಎದ್ದೆ. ಅವರು ಕೈ ಹಿಡಿದು ಕೂರಿಸಿದರು. ಒಳಗೆ ಸೊಸೆಯ ಪಾತ್ರೆಯ ಸದ್ದು ಕೇಳುತ್ತಿದೆಯೋ ಎಂದು ಕಿವಿಗೊಟ್ಟರು. ಆಮೇಲೆ, ಅರ್ಧ ಅವರ ಭಾಷೆಯಲ್ಲಿ ಅರ್ಧ ನಮ್ಮದರಲ್ಲಿ, ತಗ್ಗಿದ ದನಿಯಲ್ಲಿ ಹೇಳಿದರು.

"ಮೊದಲು ಹೋದ ಕುಞ್ಞಿ ಗಂಡು. ಅದಕ್ಕೆ ಇದ್ದದ್ದು ನನ್ನ ಹೆಸರು. ಊರಿನ ಇಗರ್ಜಿಯಲ್ಲೇ ತಲೆಗೆ ನೀರು ಹೊಯ್ಸಿ ಮಾಮೋದೀಸ ಮಾಡ್ಸಿ ಎದೆಗೆ ಕಟ್ಟಿಕೊಂಡು ಇಲ್ಲಿಗೆ ತಂದೆ. ಮಗ ಬೇಡ ಅಂದ, ಕಾಡಲ್ಲಿ ಜ್ವರ ಉಂಟಂತೆ, ಮಗು ದೊಡ್ಡದಾಗ್ಲಿ, ಆಮೇಲೆ ಹೋಗುವ ಅಂದ. ನಾನು ಕೇಳ್ಲಿಲ್ಲ. ಜಾಗದ ಆಸೆ ನನಗೆ. ಬಂದ ವರ್ಷವೇ ಹೋಯ್ತು."

ಅವರು ಒಮ್ಮೆ ಬಾಗಿಲ ಕಡೆ ನೋಡಿ ಮುಂದುವರಿಸಿದರು.

"ಎರಡನೇದು ಗಂಡಾದ್ರೆ ನನ್ನ ಹೆಸರೇ ಮತ್ತೆ ಇಡುದು ಅಂತ ಇವರೆಲ್ಲ ಮಾತಾಡಿಕೊಂಡಿದ್ರು. ಆ ದಿವಸ ನಾನು ಹೊರಗೆ ಕೂತು ಜಪಸರ ಹಿಡಿದು ಎಂತ ಕೇಳಿದ್ದು ಗೊತ್ತುಂಟಾ? ಹೆಣ್ಣಾಗ್ಲಿ ಅಂತ. ನನ್ನ ಹೆಸರು ಹಾಕಿದ್ರೆ ಇದೂ ಹೋಗ್ತದೆ ಅಂತ ಹೆದರಿಕೆ. ಆಗ ಒಳಗಿಂದ ನೀನು ಯಾವುದೋ ಗುರ್ತಿಲ್ಲದ ಹೆಸರು ಕೂಗಿದೆ. ನಾನು ಬದುಕಿದೆ ಅಂದುಕೊಂಡೆ."

"ಪಾದ್ರಿಗಳು ಕೇಳಿದಾಗ ಹೇಳ್ಬಹುದಿತ್ತಲ್ಲ?" ಎಂದೆ. ಹಾಗೆ ಕೇಳಬಾರದಿತ್ತು.

"ಹೇಗೆ ಹೇಳುದು? ನನ್ನ ಹೆಸರಿಗೆ ನಾನೇ ಹೆದರ್ತೇನೆ ಅಂತ ಮಗನ ಎದುರು ಹೇಳಿದ್ರೆ, ಮೊದಲಿನದ್ದನ್ನು ಕೊಂದದ್ದು ನಾನೇ ಅಂತ ಒಪ್ಪಿದ ಹಾಗೆ. ಅವ ಈವರೆಗೆ ಒಂದು ಮಾತು ಅಂದವನಲ್ಲ. ಬದಲಿಗೆ ಆ ದಿನದಿಂದ ನನ್ನನ್ನು ಪುಣ್ಯವಂತ ಅಂತ ಎಲ್ಲರ ಹತ್ತಿರ ಹೊಗಳ್ತಾನೆ. ಅದು ಸಾಲದ್ದಕ್ಕೆ ನೀನು ಬಂದು ಕ್ಷಮೆ ಕೇಳ್ತೀಯ."

ಸೊಸೆ ಕಾಫಿ ತಂದಿಟ್ಟು ಹೋದಳು. ನನಗೆ ಲೋಟ ಎತ್ತಿಕೊಳ್ಳಲಾಗಲಿಲ್ಲ. ಇಷ್ಟು ವರ್ಷ ನಾನು ಈ ಮನುಷ್ಯನ ಹತ್ತಿರ ಬಂದು ಬೇಡಿದ್ದು ನನ್ನ ಮನಸ್ಸಿನ ಸಮಾಧಾನವನ್ನು. ಹೊಗೆಸೊಪ್ಪು ಕೊಟ್ಟು, ಕಾಫಿ ಕುಡಿದು, ಅವರ ಗಾಯಕ್ಕೇ ಕೈಹಾಕಿ ಎದ್ದು ಹೋಗುತ್ತಿದ್ದೆ. ಹೆಸರು ತೆಗೆದದ್ದು ತಿಳಿಯದೆ ಆದದ್ದು. ಇದನ್ನು ಮಾತ್ರ ನಾನು ಶ್ರದ್ಧೆಯಿಂದ, ತಪ್ಪದೆ ಮಾಡಿದ್ದೆ. ಇನ್ನೊಮ್ಮೆ ಕ್ಷಮೆ ಕೇಳಬೇಕೆನಿಸಿತು. ಅದನ್ನೂ ಕೇಳುವ ಹಾಗಿರಲಿಲ್ಲ.

ಅಷ್ಟರಲ್ಲಿ ಮಗ ಜಾಗ ನೋಡಲು ಬಂದವರನ್ನು ಕರೆದುಕೊಂಡು ಅಂಗಳಕ್ಕೆ ಬಂದ. ಗಂಡ ಹೆಂಡತಿ; ಅವಳ ಸೊಂಟದಲ್ಲಿ ಒಂದು ಕೂಸು. ಅವರನ್ನು ಕಂಡದ್ದೇ ಅಪ್ಪಚ್ಚನ್ ಹಿಡಿದಿದ್ದ ನನ್ನ ಕೈ ಬಿಟ್ಟರು. ಮಗನಿಗೆ ನನ್ನನ್ನು ನೋಡಿ ಮುಖ ಅರಳಿತು.

"ನಾನು ದಾರಿಯಲ್ಲಿ ಹೇಳಿದೆನಲ್ಲ, ಅವರೇ ಇವರು!" ಎಂದು ಬಂದವರಿಗೆ ತೋರಿಸಿದ. "ನನ್ನ ಮಗನ ಜೀವ ತಂದದ್ದು ಈ ನರ್ಸಮ್ಮ. ಅವನಿಗಾಗಿ ಸ್ವಂತ ಹೆಸರನ್ನೇ ಬಿಟ್ಟುಕೊಟ್ಟದ್ದು ನನ್ನ ಅಪ್ಪ. ಇಂಥವರು ಇರುವ ಗುಡ್ಡ ಇದು, ಹೆದರ್ಬೇಡಿ. ಧೈರ್ಯದಲ್ಲಿ ಮಗುವನ್ನು ಕರಕೊಂಡು ಬನ್ನಿ."

ಆ ಹೆಂಗಸು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ನಮ್ಮಿಬ್ಬರಿಗೂ ಕೈಮುಗಿದಳು. ಏನಾದರೂ ಹೇಳಬೇಕಾಗಿದ್ದರೆ ಅದೇ ಹೊತ್ತು. ಮೊದಲ ವರ್ಷ ಮಗುವನ್ನು ಊರಲ್ಲೇ ಬಿಟ್ಟು ಬಾ ಎಂದಷ್ಟು ಹೇಳಿದ್ದರೂ ಸಾಕಿತ್ತು. ನಾನು ಅಪ್ಪಚ್ಚನ್ ಮುಖ ನೋಡಿದೆ. ಅವರು ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಚುತ್ತಿದ್ದರು. ನಾನು ತಣ್ಣಗಾದ ಕಾಫಿಯ ಲೋಟದೊಳಕ್ಕೆ ನೋಡುತ್ತಾ ಕೂತೆ.

ಮಗ ನಮ್ಮನ್ನು ಒಬ್ಬರಾದ ಮೇಲೆ ಒಬ್ಬರನ್ನು ನೋಡಿ ಜೋರಾಗಿ ನಕ್ಕ. "ನೋಡಿದ್ರಾ," ಎಂದ ಬಂದವರಿಗೆ, "ಹೊಗಳಿದ್ರೆ ಇಬ್ಬರಿಗೂ ಎಷ್ಟು ನಾಚಿಕೆ!"